ಅಜ್ಜನ ಫಿಯೆಟ್ಟೋ, ಅಪ್ಪನ ಫಿಯೆಟ್ಟೋ: 1966ರ ಕಾರನ್ನು ಯಾವ ರೂಪಕ್ಕೆ ತರಬೇಕು?

ಮೂಡಿಗೆರೆಯ ಮೊಮ್ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಕೊಟ್ಟಿಗೆಗೆ ಹೊಂದಿಕೊಂಡಿರುವ ಶೆಡ್ಡಿನಲ್ಲಿ 1966ರ ಫಿಯೆಟ್ 1100 ಡಿಲೈಟ್ ಕಾರೊಂದು 1998ರಿಂದ ನಿಂತಲ್ಲೇ ನಿಂತಿದೆ. ಅದನ್ನು ಮತ್ತೆ ರಸ್ತೆಗಿಳಿಸಬೇಕೆಂದು ನಿಶ್ಚಯಿಸಿದ್ದೇನೆ. ಆದರೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲೇ ಎದುರಾದ ಒಂದು ಪ್ರಶ್ನೆಗೆ ನಮ್ಮ ಮನೆಯಲ್ಲಿ ಒಮ್ಮತ ಮೂಡಿಲ್ಲ.

ಕಾರನ್ನು ಕೊಂಡವರು ನನ್ನ ಅಜ್ಜ. ಅವರು ವೈದ್ಯರಾಗಿದ್ದರು. ಕಾಫಿ ತೋಟಗಳ ಲೈನ್ ಮನೆಗಳಿಗೆ ರೋಗಿಗಳನ್ನು ನೋಡಲು ಆಷಾಢದ ಮಳೆಯಲ್ಲೂ ಇದೇ ಕಾರಿನಲ್ಲಿ ಹೋಗುತ್ತಿದ್ದರಂತೆ. ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ಕಾಲದ ಗಾಡಿಯಾದ್ದರಿಂದ ಅದರ ನಂಬರು ಎಂವೈ ಎಂದೇ ಆರಂಭವಾಗುತ್ತದೆ. ಆಗ ಅದಕ್ಕೆ ತಿಳಿಬೂದು ಬಣ್ಣ, ಮುಂದೆ ಮೂವರು ಕೂರಬಹುದಾದ ಬೆಂಚ್ ಸೀಟು, ಸ್ಟಿಯರಿಂಗ್ ಪಕ್ಕದಲ್ಲಿ ಗೇರು.

1978ರಲ್ಲಿ ಕಾರು ಅಪ್ಪನ ಕೈಗೆ ಬಂತು. ಅಪ್ಪ ಮದರಾಸಿನ ಬಳಿಯ ಶೋಲವರಂನಲ್ಲಿ ಹಳೆಯ ವಿಮಾನ ಓಡುದಾರಿಯ ಮೇಲೆ ನಡೆಯುತ್ತಿದ್ದ ಕಾರ್ ರೇಸನ್ನು ನೋಡಿ ಬಂದಿದ್ದರು. ಅಲ್ಲಿ ನಮ್ಮದೇ ಮಾದರಿಯ ಫಿಯೆಟ್‌ಗಳನ್ನು ವೇಗಕ್ಕಾಗಿ ಬದಲಿಸಿ ಓಡಿಸುತ್ತಿದ್ದುದನ್ನು ಕಂಡ ಮೇಲೆ ಅವರು ಸುಮ್ಮನಿರಲಿಲ್ಲ. ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡನ್ನು ಲೇತಿನಲ್ಲಿ ಸವೆಸಿ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಹೆಚ್ಚಿಸಿದರು, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬುರೇಟರ್ ಒಂದರ ಜಾಗದಲ್ಲಿ ಎರಡನ್ನು ಕೂರಿಸಿದರು, ಬೆಂಚ್ ಸೀಟು ತೆಗೆದು ಎರಡು ಬಕೆಟ್ ಸೀಟು ಹಾಕಿದರು, ಗೇರನ್ನು ನೆಲಕ್ಕೆ ತಂದರು. ಗೇರಿನ ಸರಳಿಗಾಗಿ ನೆಲದ ತಗಡನ್ನು ಅವರು ಉಳಿಯಿಂದ ಕೈಯಲ್ಲೇ ಕತ್ತರಿಸಿದ್ದಾರೆ. ಆ ತೂತಿನ ಅಂಚು ಕಾಲಿಗೆ ತಾಗದಿರಲೆಂದು ಲಾರಿ ಟ್ಯೂಬಿನ ತುಂಡೊಂದನ್ನು ಸುತ್ತ ಮಡಚಿ, ತಾಮ್ರದ ತಂತಿಯಿಂದ ಹೊಲಿದಿದ್ದಾರೆ. ಆ ಹೊಲಿಗೆ ಇಂದಿಗೂ ಬಿಚ್ಚಿಲ್ಲ. ಬಣ್ಣ ಕಡುಗೆಂಪಾದದ್ದೂ ಆಗಲೇ.

ಈಗ ಚಿಕ್ಕಪ್ಪ ಹೇಳುವುದು: "ಕಾರನ್ನು ಅಪ್ಪಯ್ಯ ಓಡಿಸುತ್ತಿದ್ದ ಹಾಗೆಯೇ ಮಾಡಿಸು. ಕಾರ್ಖಾನೆಯಿಂದ ಹೊರಬಂದ ರೂಪವೇ ನಿಜವಾದ ರೂಪ." ಬೆಂಗಳೂರಿನ ಒಂದು ವರ್ಕ್‌ಶಾಪಿನವರೂ ಹೀಗೆಯೇ ಹೇಳಿ, ನೆಲದ ತಗಡನ್ನು ಪೂರ್ತಿ ಕತ್ತರಿಸಿ ಹೊಸದು ಹಾಕುವುದಾಗಿ ತಿಳಿಸಿದರು. ನನಗೆ ನೆನಪಿರುವುದು ಮಾತ್ರ ಅಪ್ಪನ ಕೆಂಪು ಕಾರು. ಚಾರ್ಮಾಡಿಯ ತಿರುವುಗಳಲ್ಲಿ ಅದು ಏರುವಾಗ ಬರುತ್ತಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಯಾವ ರೂಪವನ್ನು ಉಳಿಸಬೇಕು? ಅಪ್ಪನ ಬದಲಾವಣೆಗಳನ್ನು ಉಳಿಸಿಕೊಂಡರೆ ಇಂದಿನ ಪೆಟ್ರೋಲಿಗೂ ಇಂದಿನ ಕಾನೂನಿಗೂ ಅವು ಒಗ್ಗುತ್ತವೆಯೇ? ಅನುಭವಸ್ಥರು ದಯವಿಟ್ಟು ತಿಳಿಸಿ.

ಜೆ.ಸಿ. ರೋಡಿನ ಹಳಬ

ತಂಗಿ, ನಾನು ಮೂವತ್ತೆಂಟು ವರ್ಷ ಫಿಯೆಟ್‌ಗಳ ಕೆಳಗೆ ಮಲಗಿ ಕೆಲಸ ಮಾಡಿದವನು. ಯಾರ ರೂಪ ಎಂಬುದನ್ನು ಸದ್ಯಕ್ಕೆ ಬದಿಗಿಟ್ಟು, ಕಾರಿನ ಸ್ಥಿತಿ ಏನೆಂದು ಮೊದಲು ತಿಳಿದುಕೊಳ್ಳಿ, ಏಕೆಂದರೆ ನಿಮ್ಮ ಪ್ರಶ್ನೆಯ ಅರ್ಧ ಭಾಗಕ್ಕೆ ತುಕ್ಕೇ ಉತ್ತರ ಹೇಳಿಬಿಡಬಹುದು.

ಅಂಬಾಸಿಡರ್‌ನಂತೆಯೇ ಈ ಕಾರಿಗೂ ಪ್ರತ್ಯೇಕ ಚಾಸಿ ಚೌಕಟ್ಟು ಇಲ್ಲ, ಬಾಡಿಯೇ ಇಡೀ ಭಾರವನ್ನು ಹೊರುತ್ತದೆ. ಆದ್ದರಿಂದ ಬಾಗಿಲ ಕೆಳಗಿನ ಪಟ್ಟಿ, ಜಾಕ್ ಕೊಡುವ ಜಾಗ, ಹಿಂದಿನ ಸ್ಪ್ರಿಂಗ್ ಪಟ್ಟೆ ಬಾಡಿಗೆ ಸೇರುವ ತುದಿ, ಈ ಮೂರು ಕಡೆ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿ. ತಗಡು ಗಟ್ಟಿಯಾಗಿ ಸದ್ದು ಕೊಟ್ಟರೆ ಸರಿ. ತುದಿ ಒಳಗೆ ಹೋದರೆ ಅಲ್ಲಿಗೆ ಹೊಸ ತಗಡು ಬೇಕೇ ಬೇಕು, ಅದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವವರ ಕೈಗೆ ಕಾರನ್ನು ಕೊಡಬೇಡಿ. ಆದರೆ ನೆಲದಲ್ಲಿ ಗೇರಿಗಾಗಿ ಕತ್ತರಿಸಿದ ತೂತಿನ ಸುತ್ತ ತಗಡು ಗಟ್ಟಿಯಿದ್ದರೆ ಅದನ್ನು ತೆಗೆಯುವ ಅಗತ್ಯವೇನೂ ಇಲ್ಲ. ಒಳ್ಳೆಯ ಟಿಂಕರ್ ಒಬ್ಬ ಆ ಹೊಲಿಗೆಯನ್ನು ಮುಟ್ಟದೆಯೇ ಸುತ್ತಲಿನ ಕೆಲಸ ಮುಗಿಸಬಲ್ಲ. ಒಂದೊಂದು ಭಾಗ ಬಿಚ್ಚುವ ಮೊದಲೂ ಫೋಟೊ ತೆಗೆಯಿರಿ, ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಚೀಟಿ ಅಂಟಿಸಿ ಇಡಿ.

ಎಂಜಿನ್ನಿಗೆ ಬ್ಯಾಟರಿ ಜೋಡಿಸಿ ಸೆಲ್ಫ್ ಹೊಡೆಯುವ ಆತುರ ಬೇಡ. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು, ಮೂರು ನಾಲ್ಕು ದಿನ ಹಾಗೆಯೇ ಬಿಡಿ. ಆಮೇಲೆ ಮುಂದಿನ ಹ್ಯಾಂಡಲ್ ಹಾಕಿ ಕೈಯಲ್ಲಿ ನಿಧಾನವಾಗಿ ತಿರುಗಿಸಿ. ತಿರುಗದಿದ್ದರೆ ಬಲ ಹಾಕದೆ ಮತ್ತೆ ಆಯಿಲ್ ಬಿಟ್ಟು ಕಾಯಿರಿ. ಇದು 68 ಮಿ.ಮೀ. ಬೋರು, 75 ಮಿ.ಮೀ. ಸ್ಟ್ರೋಕಿನ 1089 ಸಿಸಿ ಎಂಜಿನ್. ಬ್ಲಾಕು ಬೀಡು ಕಬ್ಬಿಣದ್ದು, ಹೆಡ್ಡು ಅಲ್ಯೂಮಿನಿಯಂನದು. ನಿಮ್ಮ ತಂದೆಯವರು ಸವೆಸಿರುವುದು ಆ ಅಲ್ಯೂಮಿನಿಯಂ ಹೆಡ್ಡನ್ನೇ. ಅದು ಇನ್ನೆಷ್ಟು ದಪ್ಪ ಉಳಿದಿದೆ, ನೀರಿನ ದಾರಿಗಳ ಅಂಚು ಎಷ್ಟು ತಿಂದುಹೋಗಿದೆ, ಮೈ ಡೊಂಕಾಗಿದೆಯೇ ಎಂಬುದನ್ನು ಅಳತೆ ಮಾಡಿಸಿ. ಮತ್ತೊಮ್ಮೆ ಫೇಸಿಂಗ್ (ಮೈ ಸವೆಸಿ ಸಮ ಮಾಡುವುದು) ಮಾಡಿಸುವಷ್ಟು ದಪ್ಪ ಇಲ್ಲದಿದ್ದರೆ ಆ ಹೆಡ್ಡನ್ನು ಒರೆಸಿ ಕಪಾಟಿನಲ್ಲಿಟ್ಟು, ಪ್ರೀಮಿಯರ್ ಪದ್ಮಿನಿಯ ಹೆಡ್ಡು ಹುಡುಕಬಹುದು. ಅದೂ ಇದೇ ವಂಶದ ಎಂಜಿನ್.

ಪೆಟ್ರೋಲಿನ ಬಗ್ಗೆ: ಅಂದಿನ ಪೆಟ್ರೋಲಿಗಿಂತ ಇಂದಿನದಕ್ಕೆ ಆಕ್ಟೇನ್, ಅಂದರೆ ತಾನಾಗಿಯೇ ಸಿಡಿಯದೆ ತಡೆಯುವ ಗುಣ, ಹೆಚ್ಚು. ಹೀಗಾಗಿ ಕಂಪ್ರೆಷನ್ ಹೆಚ್ಚಿಸಿದ ಎಂಜಿನ್ ನಾಕ್ ಆಗುವ (ಹಾಗೆ ಸಿಡಿದು ಕುಟ್ಟುವ) ಭಯ ಅಂದಿಗಿಂತ ಕಡಿಮೆ. ತೊಂದರೆ ಇರುವುದು ಅದರಲ್ಲಿ ಬೆರೆತಿರುವ ಶೇ 20ರಷ್ಟು ಎಥೆನಾಲಿನಿಂದ. ಅದು ಹಳೆಯ ರಬ್ಬರನ್ನು ಉಬ್ಬಿಸಿ ಮೆದುವಾಗಿಸುತ್ತದೆ ಮತ್ತು ನೀರಿನ ಪಸೆಯನ್ನು ಹೀರುತ್ತದೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂ, ಕಾರ್ಬುರೇಟರಿನ ಪ್ಯಾಕಿಂಗ್‌ಗಳನ್ನೆಲ್ಲ ಎಥೆನಾಲ್ ತಡೆಯುವ ರಬ್ಬರಿನದ್ದಕ್ಕೆ ಬದಲಿಸಿ. ಮಿಶ್ರಣ ತೆಳುವಾಗುವುದರಿಂದ ಎರಡೂ ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಒಂದು ಹಂತ ದೊಡ್ಡದಾಗಬೇಕಾದೀತು. ಮಳೆಗಾಲ ಪೂರ್ತಿ ಕಾರು ನಿಲ್ಲುವುದಾದರೆ ಕಾರ್ಬುರೇಟರನ್ನು ಖಾಲಿ ಮಾಡಿಯೇ ನಿಲ್ಲಿಸಿ.

ಕೊನೆಯದಾಗಿ ಬ್ರೇಕು. ನಾಲ್ಕೂ ಚಕ್ರಕ್ಕೆ ಡ್ರಂ, ಎಲ್ಲಕ್ಕೂ ಸೇರಿ ಆಯಿಲ್ ಹೋಗುವುದು ಒಂದೇ ದಾರಿಯಲ್ಲಿ. ಒಂದು ಕಡೆ ಸೋರಿದರೆ ಪೆಡಲ್ ನೆಲ ಕಚ್ಚುತ್ತದೆ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್‌ಗಳ ರಬ್ಬರ್ ಕಿಟ್ಟು, ಲೋಹದ ಕೊಳವೆ ಎಲ್ಲವೂ ಹೊಸದಾಗಲಿ. ಕಾರು ಅಜ್ಜನದಾಗಲಿ ಅಪ್ಪನದಾಗಲಿ, ಇದರಲ್ಲಿ ಹಳೆಯದನ್ನು ಉಳಿಸುವ ಮಾತೇ ಇಲ್ಲ.

ಹಾಸನದ ನಿವೃತ್ತ ಗುಮಾಸ್ತ

ಮೇಡಂ, ಕಾಗದಪತ್ರದ ವಿಷಯವನ್ನು ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಆರ್‌ಸಿ ಪುಸ್ತಕ ಈಗ ಯಾರ ಹೆಸರಿನಲ್ಲಿದೆ ಎಂಬುದನ್ನು ಮೊದಲು ನೋಡಿ. ಅದು ಇನ್ನೂ ಅಜ್ಜನವರ ಹೆಸರಿನಲ್ಲಿಯೇ ಇದ್ದರೆ ವಾರಸುದಾರರು ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. ನಿಯಮದಂತೆ ಇದು ಮರಣದ ನಂತರ ಮೂರು ತಿಂಗಳೊಳಗೆ ಆಗಬೇಕಿತ್ತು. ತಡವಾದ ಕಾರಣಕ್ಕೆ ದಂಡ ಬೀಳಬಹುದು. ಉಳಿದ ವಾರಸುದಾರರ ಒಪ್ಪಿಗೆಯನ್ನೂ ಕೇಳುವುದರಿಂದ ನಿಮ್ಮ ಚಿಕ್ಕಪ್ಪನವರ ಮನಸ್ಸನ್ನು ಗೆಲ್ಲುವುದು ಈ ದೃಷ್ಟಿಯಿಂದಲೂ ಅಗತ್ಯ.

ಇನ್ನು ಬದಲಾವಣೆಗಳ ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನೀಡಿದ ಮೂಲ ವಿವರಗಳಿಗೆ ಆರ್‌ಸಿಯ ವಿವರಗಳು ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ ಸಹ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ನಿಮ್ಮ ಕಾರಿನಲ್ಲಿ ಎಂಜಿನ್ ನಂಬರು, ಚಾಸಿ ನಂಬರು ಮೂಲದ್ದೇ ಆಗಿದ್ದರೆ ದೊಡ್ಡ ಅನುಕೂಲ. ಬಣ್ಣ ಬದಲಾದದ್ದು ಆರ್‌ಸಿಯಲ್ಲಿ ನಮೂದಾಗಿದೆಯೇ, ಬೆಂಚ್ ಸೀಟು ತೆಗೆದ ಮೇಲೆ ಆಸನಗಳ ಸಂಖ್ಯೆ ಪುಸ್ತಕದಲ್ಲಿರುವುದಕ್ಕೆ ತಾಳೆಯಾಗುತ್ತದೆಯೇ ಎಂಬುದನ್ನು ಇನ್‌ಸ್ಪೆಕ್ಟರರು ಗಮನಿಸುತ್ತಾರೆ. ನೋಂದಣಿ ನವೀಕರಣಕ್ಕೆ ಗಾಡಿಯನ್ನು ತಪಾಸಣೆಗೆ ಒಯ್ಯುವ ಮೊದಲೇ ಈ ಎರಡನ್ನೂ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಕೆಲವರು ನಿಮಗೆ ವಿಂಟೇಜ್ ನೋಂದಣಿಯ ಸಲಹೆ ಕೊಡಬಹುದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ 50 ವರ್ಷ ದಾಟಿದ ಖಾಸಗಿ ವಾಹನಗಳಿಗೆ ವಿಎ ಅಕ್ಷರಗಳಿರುವ ಪ್ರತ್ಯೇಕ ನಂಬರು ದೊರೆಯುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬುದು ಅದರ ಷರತ್ತು. ಅಲ್ಲದೆ ಆ ನಂಬರಿನ ಕಾರನ್ನು ಪ್ರದರ್ಶನ, ವಿಂಟೇಜ್ ರ್‍ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಮುಂತಾದವುಗಳಿಗೆ ಮಾತ್ರ ರಸ್ತೆಗೆ ತರಬಹುದು. ನಿಮ್ಮ ಆಸೆ ಚಾರ್ಮಾಡಿಯಲ್ಲಿ ಕಾರು ಓಡಿಸುವುದಾದ್ದರಿಂದ, ಅಜ್ಜನವರ ಎಂವೈ ನಂಬರನ್ನೇ ನವೀಕರಿಸಿ ಉಳಿಸಿಕೊಳ್ಳುವುದು ನನ್ನ ಅಭಿಪ್ರಾಯದಲ್ಲಿ ಉತ್ತಮ.

ಸ್ಯಾನ್ ಹೊಸೆಯ ಕನ್ನಡಿಗ

ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ನೀವು ಕೇಳಿರುವ ಪ್ರಶ್ನೆಯನ್ನು ಇಲ್ಲಿನವರು ಬಹಳ ಕಾಲದಿಂದ ಕೇಳಿಕೊಳ್ಳುತ್ತ ಬಂದಿದ್ದಾರೆ. ಇಲ್ಲಿ ಅಂಥ ಕಾರಿಗೆ ಹಾಟ್ ರಾಡ್ ಎನ್ನುತ್ತಾರೆ. ಹಳೆಯ, ಅಗ್ಗದ ಕಾರೊಂದನ್ನು, ಅದರಲ್ಲೂ 1932ರಲ್ಲಿ 65 ಅಶ್ವಶಕ್ತಿಯ ವಿ8 ಎಂಜಿನ್ನಿನೊಂದಿಗೆ ಬಂದ ಫೋರ್ಡನ್ನು, ಹುಡುಗರು ಮನೆಯಂಗಳದಲ್ಲೇ ಬಿಚ್ಚಿ, ಮಡ್‌ಗಾರ್ಡ್ ಕಿತ್ತು ಹಗುರಗೊಳಿಸಿ, ಹೆಡ್ಡು, ಕಾರ್ಬುರೇಟರ್ ಬದಲಿಸಿ, ಒಣಗಿದ ಕೆರೆಗಳ ಬಯಲಿನಲ್ಲಿ ಓಡಿಸುತ್ತಿದ್ದರು. ನಿಮ್ಮ ತಂದೆಯವರು 1978ರಲ್ಲಿ ಮೂಡಿಗೆರೆಯಲ್ಲಿ ಮಾಡಿದ್ದೂ ಇದನ್ನೇ.

ಇಂಥ ಕಾರುಗಳನ್ನು ಬಹಳ ಕಾಲ ಯಾರೂ ಪ್ರದರ್ಶನಕ್ಕೆ ಯೋಗ್ಯವೆಂದು ಎಣಿಸಿರಲಿಲ್ಲ. 1997ರಲ್ಲಿ ಪೆಬಲ್ ಬೀಚ್‌ನ ಹಳೆಯ ಕಾರುಗಳ ಪ್ರತಿಷ್ಠಿತ ಪ್ರದರ್ಶನದಲ್ಲಿ ಮೊದಲ ಬಾರಿಗೆ ಹಾಟ್ ರಾಡ್‌ಗಳಿಗೆ ಪ್ರತ್ಯೇಕ ವಿಭಾಗ ತೆರೆದಾಗ ಗೆದ್ದದ್ದು ಡೋನ್ ಸ್ಪೆನ್ಸರ್ ಎಂಬವರು ಕಟ್ಟಿದ್ದ 1932ರ ಫೋರ್ಡ್ ರೋಡ್‌ಸ್ಟರ್. ಅದನ್ನು ಜೀರ್ಣೋದ್ಧಾರ ಮಾಡಿದವರು ಫೋರ್ಡ್ ಕಾರ್ಖಾನೆಯ ರೂಪಕ್ಕೆ ಮರಳಿಸಲಿಲ್ಲ, ಸ್ಪೆನ್ಸರ್ ತಮ್ಮ ಕೈಯಾರೆ ಕೊಟ್ಟ ರೂಪಕ್ಕೆ ತಂದರು. ಆ ಕಾರಿನ ಮಟ್ಟಿಗೆ ಮೂಲರೂಪ ಎಂದರೆ ಅದೇ. ಕಾರ್ಖಾನೆಯ ರೂಪದಲ್ಲಿರುವ 1966ರ ಫಿಯೆಟ್ ಹುಡುಕಿದರೆ ಸಿಗುತ್ತದೆ, ಲಾರಿ ಟ್ಯೂಬನ್ನು ತಾಮ್ರದ ತಂತಿಯಿಂದ ಹೊಲಿದ ಫಿಯೆಟ್ ಇನ್ನೊಂದು ಸಿಗುವುದಿಲ್ಲ. ನನ್ನ ಮಾತು ನಿಮ್ಮ ಚಿಕ್ಕಪ್ಪನವರಿಗೆ ನೋವು ತರಬಾರದು. ಅವರು ತಮ್ಮ ತಂದೆಯನ್ನು ಆ ಕಾರಿನಲ್ಲಿ ಹುಡುಕುತ್ತಿದ್ದಾರೆ, ನೀವು ನಿಮ್ಮ ತಂದೆಯನ್ನು ಹುಡುಕುತ್ತಿದ್ದೀರಿ.

ತರೀಕೆರೆ 577228

ಇಷ್ಟೆಲ್ಲ ಬರೆದಿದ್ದೀರಿ, ತಂದೆಯವರು ಏನು ಹೇಳುತ್ತಾರೆ ಎಂಬುದನ್ನು ಮಾತ್ರ ಬರೆದಿಲ್ಲ. ಅವರನ್ನು ಕೇಳಿದ್ದೀರಾ?

ಮೂಡಿಗೆರೆಯ ಮೊಮ್ಮಗಳು

ಎಲ್ಲರಿಗೂ ಕೃತಜ್ಞತೆಗಳು. ತರೀಕೆರೆಯವರ ಪ್ರಶ್ನೆ ನನ್ನನ್ನು ತಟ್ಟಿತು. ಅಪ್ಪನಿಗೆ ಈಗ ಎಪ್ಪತ್ತಮೂರು, ಕೈ ನಡುಗುತ್ತದೆ. ಕಾರಿನ ಮಾತೆತ್ತಿದರೆ ಬೇಸರಪಟ್ಟಾರೆಂದು ನಾನೇ ಕೇಳಿರಲಿಲ್ಲ. ಭಾನುವಾರ ಅವರನ್ನೂ ಚಿಕ್ಕಪ್ಪನನ್ನೂ ಶೆಡ್ಡಿಗೆ ಕರೆದುಕೊಂಡು ಹೋಗಿ ಕುರ್ಚಿ ಹಾಕಿ ಕೂರಿಸಿದೆ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಸೀಟು ಅಟ್ಟದ ಮೇಲಿದೆ" ಎಂದರು. ಅಜ್ಜನ ಬೆಂಚ್ ಸೀಟನ್ನು ಅವರು ಬಿಸಾಡಿರಲೇ ಇಲ್ಲ. ನಾನೂ ಚಿಕ್ಕಪ್ಪನೂ ಏಣಿ ಹಾಕಿ ಇಳಿಸಿದೆವು. ಗೋಣಿಚೀಲದಲ್ಲಿ ಸುತ್ತಿ, ಇಲಿ ಕಡಿಯದಂತೆ ಬೇವಿನ ಸೊಪ್ಪು ತುಂಬಿಟ್ಟಿದ್ದರು. ರೆಕ್ಸಿನ್ ಸೀಳಿದೆ, ಸ್ಪ್ರಿಂಗು ಗಟ್ಟಿಯಾಗಿದೆ. ಎಡತುದಿಯಲ್ಲಿ ಅಜ್ಜ ತಮ್ಮ ಔಷಧಿ ಪೆಟ್ಟಿಗೆ ಇಡುತ್ತಿದ್ದ ಕಡೆ ಚೌಕಾಕಾರದ ತಗ್ಗು ಇನ್ನೂ ಕಾಣಿಸುತ್ತದೆ. ಚಿಕ್ಕಪ್ಪ ಅದರ ಮೇಲೆ ಕೈಯಿಟ್ಟುಕೊಂಡೇ ನಿಂತುಬಿಟ್ಟರು. ನೆಲದ ಗೇರನ್ನು ತೆಗೆಸುವ ಮಾತನ್ನು ಆ ಮೇಲೆ ಅವರು ಆಡಲಿಲ್ಲ.

ಬೆಂಚ್ ಸೀಟು ಹಿಂತಿರುಗಿದರೆ ಆಸನಗಳ ಲೆಕ್ಕವೂ ಆರ್‌ಸಿಗೆ ತಾಳೆಯಾಗುತ್ತದೆ. ಕೆಂಪು ಬಣ್ಣ 1979ರಲ್ಲೇ ಪುಸ್ತಕದಲ್ಲಿ ನಮೂದಾಗಿದೆ, ಹೆಸರು ಮಾತ್ರ ಅಜ್ಜನದೇ ಇದೆ. ನಮೂನೆ 31ಕ್ಕೆ ಚಿಕ್ಕಪ್ಪ ಸಹಿ ಹಾಕುವುದಾಗಿ ಹೇಳಿದ್ದಾರೆ. ಸೀಟಿನ ಮುಂದಂಚಿಗೆ ಗೇರಿನ ಸರಳು ತಾಗುತ್ತದೆಯೋ ಎಂಬುದೊಂದೇ ಈಗಿನ ಚಿಂತೆ. ಸರಳನ್ನು ಎರಡು ಇಂಚು ಮುಂದಕ್ಕೆ ಬಗ್ಗಿಸಬಹುದೆಂದು ಅಪ್ಪ ಹೇಳುತ್ತಾರೆ.

ಸೀಟು ಇಳಿಸಿದ ಸಂಜೆಯೇ ಸಿಲಿಂಡರುಗಳಿಗೆ ಆಯಿಲ್ ಬಿಟ್ಟೆವು. ಗುರುವಾರ ಬೆಳಗ್ಗೆ ಅಪ್ಪ ತಾವೇ ಹ್ಯಾಂಡಲ್ ಹಿಡಿದರು, ಅವರ ಕೈಯ ಮೇಲೆ ನಾನು ಕೈಯಿಟ್ಟೆ. ಮೊದಲು ಅಲುಗಲಿಲ್ಲ. ನಂತರ ಒಳಗೆ ಏನೋ ಬಿಟ್ಟುಕೊಂಡಂತಾಗಿ ಕಾಲು ಸುತ್ತು ತಿರುಗಿತು. ಜೆ.ಸಿ. ರೋಡಿನ ಹಳಬರೇ, ಹೆಡ್ಡನ್ನು ಮುಂದಿನ ವಾರ ಬಿಚ್ಚುತ್ತೇವೆ. ದಪ್ಪವನ್ನು ಯಾವ ಯಾವ ಜಾಗಗಳಲ್ಲಿ ಅಳೆಯಬೇಕೆಂದು ದಯವಿಟ್ಟು ತಿಳಿಸಿ.