ಅನುಭವದಲ್ಲಿರೋ ಜಮೀನು ರಿಜಿಸ್ಟರ್ ಆಗ್ತಿಲ್ಲ, ದಾರಿ ಏನು?

ಹಲಸಿನಮರ: ಸಾರ್ ನಮ್ದು ಹಾಸನ ಜಿಲ್ಲೆ, 1 ಎಕರೆ 10 ಗುಂಟೆ, 1994ರಲ್ಲಿ ತಾತ ಛಾಪಾ ಕಾಗದದಲ್ಲಿ ಕರಾರು ಬರೆಸ್ಕೊಂಡು ಪೂರ್ತಿ ದುಡ್ಡು ಕೊಟ್ಟು ತಗೊಂಡಿದ್ದು, ಅವತ್ತಿಂದ ಉಳೋರು ನಾವೇ, ಬದುವಲ್ಲಿ ತಾತ ನೆಟ್ಟ ಹಲಸು ಈಗ ಕಾಯಿ ಬಿಡ್ತೈತೆ. ಪಹಣಿ 9ನೇ ಕಾಲಂನಲ್ಲಿ ಮಾತ್ರ ಹಳೇ ಓನರ್ ಹೆಸ್ರೇ ಐತೆ, ಅವ್ರು ತೀರ್ಕೊಂಡವ್ರೆ. ಅಕ್ಕಪಕ್ಕದ ಜಮೀನೋರ ಹೇಳಿಕೆ, ಅಫಿಡವಿಟ್ ಎಲ್ಲಾ ಮಾಡ್ಸಿದೀನಿ, ಇದ್ರ ಮೇಲೆ ರಿಜಿಸ್ಟರ್ ಆಗುತ್ತಾ?

ಮಲ್ನಾಡ್ ಗೌಡ: ಆಗಲ್ಲ ಗುರು. ಹೇಳಿಕೆ ಸಾಕ್ಷಿ ಅಷ್ಟೇ, ಹಕ್ಕುಪತ್ರ ಅಲ್ಲ. 100 ರೂಪಾಯಿ ಮೇಲಿನ ಸ್ಥಿರಾಸ್ತಿ ಮಾರಾಟ ಅಂದ್ರೆ ರಿಜಿಸ್ಟರ್ಡ್ ಕ್ರಯಪತ್ರನೇ ಬೇಕು. ಸತ್ತವ್ರ ಮಕ್ಕಳನ್ನ ಹಿಡಿರಿ, ಪೌತಿ ಖಾತೆ (ಸತ್ತವ್ರ ಹೆಸ್ರಿಂದ ವಾರಸುದಾರರ ಹೆಸ್ರಿಗೆ ಖಾತೆ ಬದಲಾವಣೆ) ಮಾಡ್ಸಿ ಅವ್ರಿಂದ ಕ್ರಯ ಬರೆಸ್ಕೊಳ್ಳಿ, ಸರ್ವೆ ನಂಬರ್‌ನಲ್ಲಿ ಭಾಗ ಆದ್ರೆ 11ಇ ನಕ್ಷೆನೂ (ಆ ಭಾಗ ಅಳ್ದು ಸರ್ವೆಯೋರು ಕೊಡೋ ನಕ್ಷೆ) ಬೇಕು.

ಹಲಸಿನಮರ: ಮಗ ಬೆಂಗ್ಳೂರಲ್ಲವ್ನೆ ಅಣ್ಣ, ಈಗಿನ ರೇಟ್ ಕೊಡು ಅಂತಾನೆ! 12 ವರ್ಷ ಅನುಭವ್ಸಿದ್ರೆ ನಮ್ದೇ ಅಂತಾರಲ್ಲ?

ಕೋರ್ಟ್ ಕಟ್ಟೆ: ಅದು ಪ್ರತಿಕೂಲ ಸ್ವಾಧೀನ, ಕೇಸ್ ಹಾಕಿ ಕೇಳ್ಬೋದು ಅಂತ 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದ್ರೆ ನಿಮ್ಗೆ ಎಡವಟ್ಟಾಗೋದು ಆ ಕರಾರೇ, ಓನರ್ ಒಪ್ಪಿಗೆ ಮೇಲೆ ಒಳಗೆ ಬಂದೋರು ಅಂತ ಆಗುತ್ತಲ್ಲ, ಓನರ್‌ಗೆ ವಿರುದ್ಧವಾಗಿ ಅನುಭವ್ಸಿದ್ದು ಅಂತ ಹೇಳೋದು ಕಷ್ಟ. ಆದ್ರೂ ಕರಾರು ಎಸೀಬೇಡಿ, ಬಿಡ್ಸೋಕೆ ಬಂದ್ರೆ ತಡ್ಯೋಕೆ ಅದೇ ಗತಿ. ಮಗ ಕೊಡಲ್ಲ ಅಂತ ಯಾವಾಗ ಅಂದ? ಕರಾರಲ್ಲಿ ಗಡುವು ಹಾಕಿಲ್ಲ ಅಂದ್ರೆ ಕ್ರಯ ಮಾಡ್ಕೊಡಿ ಅನ್ನೋ ದಾವೆಗೆ ಆವತ್ತಿಂದ 3 ವರ್ಷ ಅಷ್ಟೇ ಟೈಮು.

ಹಲಸಿನಮರ: ಹೋದ ಯುಗಾದೀಲಿ. ನಾಳೆನೇ ವಕೀಲ್ರ ಹತ್ರ ಹೋಗ್ತೀನಿ.