ಎಲ್ಲರ ಹಾಳೆಯಲ್ಲೂ ಎರಡು ಗುಡ್ಡ, ನಡುವೆ ಸೂರ್ಯ. ಏನು ಮಾಡಲಿ?

ಡ್ರಾಯಿಂಗ್ ಟೀಚರ್, ಬಾಗಲಕೋಟೆ ಜಿಲ್ಲೆ:
ಎಂಟನೇ ಕ್ಲಾಸಿನವರಿಗೆ 'ನಿಮಗೆ ಬೇಕಾದ್ದು ತೆಗೀರಿ' ಅಂದರೆ ಸಾಕು, ಎರಡು ಗುಡ್ಡ, ಸೂರ್ಯ, ಒಂದು ತೆಂಗಿನ ಮರ. ನಮ್ಮೂರಲ್ಲಿ ಇರೋದೆಲ್ಲ ಬೇವು, ಜಾಲಿ! ನಾನು ಬೋರ್ಡಿನ ಮೇಲೆ ಬಿಡಿಸಿದ್ದನ್ನು ಅಚ್ಚುಕಟ್ಟಾಗಿ ಇಳಿಸುತ್ತಾರೆ, ಕೈ ಚೆನ್ನಾಗಿದೆ, ಆದರೆ ಸ್ವಂತದ್ದು ಅಂದ ಕೂಡಲೇ 'ಏನು ತೆಗಿಬೇಕ್ರೀ ಟೀಚರ್' ಅಂತ ನನ್ನ ಮುಖ ನೋಡುತ್ತಾರೆ.

ಡ್ರಾಯಿಂಗ್ ಮಾಸ್ತರ್, ವಿಜಯಪುರ:
'ಬೇಕಾದ್ದು ತೆಗೀರಿ' ಅನ್ನೋದನ್ನೇ ಮೊದಲು ಬಿಡಿ ಮೇಡಂ. ಅಷ್ಟು ದೊಡ್ಡ ಹಾಳೆ ಖಾಲಿ ಕೊಟ್ಟರೆ ಯಾರಾದರೂ ಗೊತ್ತಿದ್ದದ್ದನ್ನೇ ಹಿಡಿಯುತ್ತಾರೆ. ಬಾದಾಮಿ ನಿಮಗೆ ಹತ್ತಿರ, ಅಲ್ವಾ? ಒಂದನೇ ಗುಹೆಯ ಪಕ್ಕದ ನಟರಾಜನಿಗೆ 18 ಕೈ. ಇಡೀ ಮೂರ್ತಿ ಬೇಡ. ಒಬ್ಬೊಬ್ಬರಿಗೆ ಎರಡೇ ಕೈ, ಬಲಗಡೆಯದೊಂದು ಎಡಗಡೆಯದೊಂದು. ಅವನ್ನಷ್ಟೇ ನೋಡಿ ತೆಗೆಯಲಿ, ಶಾಲೆಗೆ ಬಂದ ಮೇಲೆ ಆ ಕೈಗಳಿಗೆ ಹೊಂದುವ ಆಳನ್ನು ತಾವೇ ಪೂರ್ತಿ ಮಾಡಲಿ. ನಮ್ಮ ಒಬ್ಬ ಹುಡುಗ ರೊಟ್ಟಿ ಬಡಿಯುವ ಅಜ್ಜಿಯನ್ನು ಮಾಡಿದ, ಇನ್ನೊಬ್ಬಳು ಬಸ್ಸಿನ ಬಾಗಿಲಿಗೆ ಜೋತುಬಿದ್ದ ಕಂಡಕ್ಟರನ್ನು. ಅವರ ಹಾಳೆಗೆ ಮಾತ್ರ ನನ್ನ ಪೆನ್ಸಿಲ್ ತಾಗಿಸಲ್ಲ. ತಿದ್ದಬೇಕು ಅನಿಸಿದರೆ ಬೇರೆ ಚೀಟಿಯಲ್ಲಿ ತೋರಿಸುತ್ತೇನೆ. 15 ವರ್ಷದೊಳಗಿನವರಿಗೆ ಬಾದಾಮಿ ಗುಹೆಗಳಲ್ಲಿ ಟಿಕೆಟ್ಟೂ ಇಲ್ಲ.

ಖಣ ನೇಯುವ ಮನೆಯವ, ಗುಳೇದಗುಡ್ಡ:
ಕಾಪಿ ಮಾಡೋದನ್ನ ಇಷ್ಟು ಬೈಯಬೇಡಿ. ಡ್ರಾಯಿಂಗಿನ ಲೋಯರ್ ಗ್ರೇಡ್ ಪರೀಕ್ಷೆಗೆ ಕೂರಬೇಕಾದರೂ ಮೊದಲು ಕೈ ಪಳಗಬೇಕು. ಅವ್ವನ ಹಳೇ ಕುಪ್ಪಸದ ಖಣ ತರಲಿ, ಅದರ ಒಂದೇ ಒಂದು ಬುಟ್ಟಾ ಚೌಕಳಿ ಹಾಳೆಯ ಮೇಲೆ ಇಳಿಸಲಿ, ಆಮೇಲೆ ಅದರಲ್ಲಿ ಒಂದು ಎಳೆ ಬದಲಿಸಿ ಹಾಳೆ ತುಂಬ ಜೋಡಿಸಲಿ. ಜೋಡಣೆ ಎಲ್ಲಿ ತಪ್ಪಿತು ಅಂತ ಅವರಿಗೇ ಕಾಣುತ್ತದೆ, ಯಾರೂ ಹೇಳಬೇಕಿಲ್ಲ.

ಬೆಳಗಾವಿ ಕಡೆಯ ಪಾಲಕಿ:
ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ಕೈಗೆ ಕೊಟ್ಟರೆ ನನ್ನ ಮಗ 'ಹೆಂಗ ಮಾಡ್ಲಿ' ಅಂತ ಕೇಳೋದೇ ಇಲ್ಲ. ಒಂದೆತ್ತಿಗೆ ಕೋಡು ಜಾಸ್ತಿ, ಒಂದಕ್ಕೆ ಡುಬ್ಬವೇ ಇಲ್ಲ, ಆದರೂ ಪೂಜೆ ಆಗುತ್ತದೆ. ಅಲ್ಲಿ ಯಾರೂ ಮಾರ್ಕ್ಸ್ ಕೊಡಲ್ಲವಲ್ಲ.

ಡ್ರಾಯಿಂಗ್ ಟೀಚರ್, ಬಾಗಲಕೋಟೆ ಜಿಲ್ಲೆ:
ಮಾಸ್ತರ್, ಎಲ್ಲರೂ ಸುಲಭದ ಕೈಗೇ ಬಿದ್ದರೆ? ಚೀಟಿ ಎತ್ತಿಸುತ್ತೀರಾ?

ಡ್ರಾಯಿಂಗ್ ಮಾಸ್ತರ್, ವಿಜಯಪುರ:
ಚೀಟಿನೇ. ಆದರೆ ಅದಲುಬದಲು ಮಾಡಿಕೊಳ್ಳೋಕೆ ಬಿಡಿ. 'ನಿನ್ನ ಕೈಯಲ್ಲಿ ಬೆರಳು ಸುಲಭ ಅದ' ಅಂತ ಜಗಳ ಆಡುವಾಗಲೇ ಅವರು ಸರಿಯಾಗಿ ನೋಡೋದು.