‘ಸಸ್ಪೆಂಡೆಡ್’ ಪಿಂಚಣಿಗೆ ಫಲಕದಲ್ಲಿ ಏನು ಬರೆಯಲಿ? ನಿಂತಿದೆ, ತಡೆದಿದೆ, ಸ್ಥಗಿತ?

ಚಿಂತಾಮಣಿಯಿಂದ:

ಎಲ್ಲರಿಗೂ ನಮಸ್ಕಾರ. ಚಿಂತಾಮಣಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಊರಿನ ಗ್ರಂಥಾಲಯ, ನೋಡಿಕೊಳ್ಳುತ್ತೇನೆ. ಒಂದು ಪದ ತುರ್ತಾಗಿ ಬೇಕು. ಬೋರ್ಡು ಬರೆಯುವವರು ಶನಿವಾರ ಬರುತ್ತಾರೆ. ಶುಕ್ರವಾರ ರಾತ್ರಿಯೊಳಗೆ ಒಕ್ಕಣೆ ಮುಗಿಯಬೇಕು.

ನಮ್ಮಲ್ಲಿಗೆ ಪೇಪರ್ ಓದಲು ಬರುವವರಷ್ಟೇ ಜನ, ‘ನನ್ನ ಪಿಂಚಣಿ ಏನಾಯ್ತು ನೋಡಮ್ಮ’ ಅಂತ ಬರುತ್ತಾರೆ. ಹೆಚ್ಚಿನವರದು ವಯಸ್ಸಾದವರಿಗೆ ಕೊಡುವ ಸಂಧ್ಯಾ ಸುರಕ್ಷಾದ 1,200 ರೂಪಾಯಿ, ಇಲ್ಲವೇ ವಿಧವಾ ವೇತನದ 800. ಕಚೇರಿಯಿಂದ ಅವರಿಗೆ ಸಿಗುವ ಉತ್ತರ ಸಸ್ಪೆಂಡ್ ಆಗೈತೆ, ಕ್ಯಾನ್ಸಲ್ ಆಗೈತೆ, ರಿಜೆಕ್ಟ್ ಆಗೈತೆ ಎಂಬ ಮೂರರಲ್ಲಿ ಒಂದು. ಕೇಳಿದವರಿಗೆ ಮೂರೂ ಒಂದೇ, ದುಡ್ಡು ಬರಲ್ಲ ಅಂತ. ಆದರೆ ಮೂರಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ. ಹೋದ ವರ್ಷ ನಮ್ಮೂರಿನ ಒಬ್ಬ ತಾತನಿಗೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಸರಿಯಿಲ್ಲವೆಂದು ಹಣ ನಿಂತಿತ್ತು. ಯಾರೋ ‘ಕ್ಯಾನ್ಸಲ್ ಆಗಿದೆ, ಹೊಸದಾಗಿ ಹಾಕಿ’ ಅಂದರು. ಹೊಸ ಅರ್ಜಿ ಹಾಕಿದರೆ, ಈ ಆಧಾರ್ ನಂಬರಿಗೆ ಆಗಲೇ ಪಿಂಚಣಿ ಇದೆ ಎಂದು ಅದೂ ವಾಪಸು ಬಂತು. ಬ್ಯಾಂಕಿಗೆ ಒಂದು ಸಲ ಹೋಗಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಏಳು ತಿಂಗಳು ಅಲೆದರು.

ನಾನು ಬರೆದುಕೊಂಡಿರುವುದು: ‘ಫಲಾನುಭವಿಗಳ ಗಮನಕ್ಕೆ. 1. ಸ್ಥಗಿತಗೊಳಿಸಲಾಗಿದೆ. 2. ರದ್ದುಪಡಿಸಲಾಗಿದೆ. 3. ತಿರಸ್ಕರಿಸಲಾಗಿದೆ.’ ಪ್ರತಿಯೊಂದರ ಕೆಳಗೆ ಏನು ಮಾಡಬೇಕೆಂದು ಒಂದು ಸಾಲು. ಮೊದಲನೆಯದು ನನಗೇ ಒಪ್ಪಿಗೆಯಾಗಿಲ್ಲ. ಸಹಾಯ ಮಾಡಿ.

ತುಮಕೂರಿನಿಂದ:

ಕಂದಾಯ ಇಲಾಖೆಯಲ್ಲಿ 34 ವರ್ಷ ಸೇವೆ ಮಾಡಿ ನಿವೃತ್ತನಾದವನು. ‘ತಾತ್ಕಾಲಿಕವಾಗಿ ಸ್ಥಗಿತಗೊಳಿಸಲಾಗಿದೆ’ ಎಂದು ಬರೆಯಿರಿ. ಆದೇಶದಲ್ಲಿ ಇರುವ ಪದವೇ ಫಲಕದಲ್ಲೂ ಇರಬೇಕು. ಇದರಲ್ಲಿ ಚರ್ಚೆಗೆ ಏನಿದೆ?

ಗೌರಿಬಿದನೂರಿನಿಂದ:

ಚರ್ಚೆಗೆ ಬೇಕಾದಷ್ಟಿದೆ. ಸ್ಥಗಿತ, ತಾತ್ಕಾಲಿಕ, ತಿರಸ್ಕೃತ, ಫಲಾನುಭವಿ: ಇವನ್ನೆಲ್ಲ ಎಂಬತ್ತರ ಅಜ್ಜಿ ಬಾಯಲ್ಲಿ ಆಡಿಸಿ ನೋಡಿ. ಮಹಾಪ್ರಾಣ, ಒತ್ತಕ್ಷರ ದಾಟುವಷ್ಟರಲ್ಲಿ ಅರ್ಥ ಕೈಬಿಟ್ಟು ಹೋಗಿರುತ್ತದೆ. ತಡೆ, ಅಳಿಸು, ತಳ್ಳು: ಮೂರೂ ಅಚ್ಚಗನ್ನಡ. ಹಾಗೆಯೇ ‘ಅರ್ಹತೆ’ ಬೇಡ, ‘ತಕ್ಕಮೆ’ ಸಾಕು. ‘ಪಿಂಚಣಿ’ ಅಂತೂ ಬೇಡವೇ ಬೇಡ. ಅದು ಇಂಗ್ಲಿಷಿನ ಪೆನ್ಷನ್. ಅದರ ಮೂಲ ಲ್ಯಾಟಿನ್ನಿನಲ್ಲಿ ತೂಗಿ ಕೊಟ್ಟದ್ದು ಎಂಬ ಅರ್ಥ. ನಮ್ಮಲ್ಲಿ ‘ಕೊಡಗೆ’ ಇತ್ತು. ದನ ಕಾಯುತ್ತಾ, ಊರು ಕಾಯುತ್ತಾ ಸತ್ತವನ ಮನೆಯವರಿಗೆ ‘ನೆತ್ತರುಗೊಡಗೆ’ ಬಿಡುತ್ತಿದ್ದರು. ಗಂಡನನ್ನು ಕಳೆದುಕೊಂಡವಳಿಗೆ ಅರಸು ಕೊಡುವುದು ಅದೇ ತಾನೆ? ‘ವಿಧವಾ ವೇತನ’ ಎಂದರೆ ಏನರ್ಥ? ವೇತನವೆಂದರೆ ಕೂಲಿ. ಯಾವ ಕೆಲಸಕ್ಕೆ ಕೂಲಿ ಅದು? ಆ ಹೆಸರಿಟ್ಟವರಿಗೆ ಕನ್ನಡವೂ ಬರಲಿಲ್ಲ, ಸಂಸ್ಕೃತವೂ ಬರಲಿಲ್ಲ.

ಕೋಲಾರದಿಂದ:

ಗೌರಿಬಿದನೂರಿನವರು ಶಾಸನದ ಮಾತೆತ್ತಿದ್ದರಿಂದ ಬರೆಯುತ್ತಿದ್ದೇನೆ. ಕೊಡಗೆ ಎಂದರೆ ಭೂಮಿ. ಕೆರೆ ಕಟ್ಟಿದವನಿಗೆ ಕಟ್ಟುಗೊಡಗೆ, ಮಡಿದವನ ಮನೆಗೆ ನೆತ್ತರುಗೊಡಗೆ. ಎಲ್ಲವೂ ಗದ್ದೆಯೋ ಹೊಲವೋ. ಗಂಗರ ಕಾಲದ ವೀರಗಲ್ಲುಗಳಲ್ಲಿ ಬರುವ ಕಲ್ನಾಡು, ಹಲ್ಮಿಡಿ ಶಾಸನದಲ್ಲೇ ಇರುವ ಬಾಳ್ಗಳ್ಚು, ಇವೂ ನೆಲದ ದತ್ತಿಗಳೇ. ಪ್ರತಿ ತಿಂಗಳು ಖಾತೆಗೆ ಜಮೆಯಾಗುವ ದುಡ್ಡಿಗೆ ಆ ಹೆಸರು ಹೊಂದುವುದಿಲ್ಲ. ತಿಂಗಳ ಲೆಕ್ಕದಲ್ಲಿ ಕೊಡುವುದಕ್ಕೆ ‘ಮಾಸಾಶನ’ ಇದೆ. ಅಶನವೆಂದರೆ ಊಟ, ತಿಂಗಳ ಅನ್ನ. ನಮ್ಮ ಕಡೆ ಹಳಬರು ಇವತ್ತಿಗೂ ‘ಮಾಸಾಸನ’ ಅನ್ನುತ್ತಾರೆ. ಸಂಬಳವೂ ಹೀಗೆಯೇ: ಸಂಸ್ಕೃತದ ಶಂಬಲ, ದಾರಿಗೆ ಕಟ್ಟಿಕೊಂಡು ಹೋಗುವ ಬುತ್ತಿ. ಅದನ್ನು ತಮಿಳಿನ ಸಂಬಾ ಅಕ್ಕಿ ಮತ್ತು ಉಪ್ಪಿನಿಂದ ಬಿಡಿಸಿ ತೋರಿಸುವವರಿದ್ದಾರೆ. ಕೇಳಲು ಚೆಂದ, ನಾನು ನಂಬುವುದಿಲ್ಲ.

ಸಸ್ಪೆಂಡ್‌ಗೆ ನನ್ನ ಸೂಚನೆ ‘ಅಮಾನತು’. ನೌಕರನನ್ನು ಅಮಾನತು ಮಾಡಿದರು ಎನ್ನುತ್ತೇವಲ್ಲ, ಅದೇ. ಅರಬ್ಬಿಯಲ್ಲಿ ಅದು ನಂಬಿಕೆಯ ಮೇಲೆ ಇಟ್ಟ ವಸ್ತು, ಠೇವಣಿ. ಅಮಾನತ್ತಿನಲ್ಲಿಟ್ಟದ್ದು ಕಳೆದುಹೋಗಿಲ್ಲ, ಯಾರದೋ ಕೈಯಲ್ಲಿ ಜೋಪಾನವಾಗಿದೆ. ತಾತನ ಹಣದ ಸ್ಥಿತಿಯೂ ಅದೇ ಅಲ್ಲವೇ?

ಗೌರಿಬಿದನೂರಿನಿಂದ:

ಸಂಸ್ಕೃತ ಬಿಡಿ ಎಂದರೆ ಅರಬ್ಬಿ ತಂದಿರಿ. ಅರ್ಜಿ, ಮಂಜೂರು, ರದ್ದು, ವಜಾ, ಬಾಕಿ, ಜಮೆ, ಖಜಾನೆ, ತಹಶೀಲ್ದಾರ್. ಬಡವನಿಗೂ ಸರ್ಕಾರಕ್ಕೂ ನಡುವೆ ಒಂದಾದರೂ ನಮ್ಮ ಮಾತಿದೆಯೇ? 1963ರಲ್ಲಿ ರಾಜಭಾಷಾ ಅಧಿನಿಯಮ ಬಂತು. ಇಷ್ಟು ವರ್ಷವಾದರೂ ಕಚೇರಿಯ ಕನ್ನಡವೆಂದರೆ ಊರವರ ಮಾತಿಗೆ ಬೀಗ ಹಾಕಿದ ಕನ್ನಡ.

ತುಮಕೂರಿನಿಂದ:

ಅರ್ಜಿ ಕನ್ನಡ ಅಲ್ಲವೆಂದು ನನ್ನ ಟೇಬಲ್ ಮುಂದೆ ನಿಂತ ಒಬ್ಬ ರೈತನೂ ಹೇಳಲಿಲ್ಲ. ಪಹಣಿ, ಖಾತೆ, ಜಮಾಬಂದಿ ಶಿರಾದಿಂದ ಪಾವಗಡದವರೆಗೆ ಎಲ್ಲರಿಗೂ ಗೊತ್ತು. ‘ತಕ್ಕಮೆ’ ಎಂದರೆ ಯಾರಿಗೆ ಗೊತ್ತು? ಈ ಗುಂಪಿನಾಚೆ ಒಬ್ಬರನ್ನು ತೋರಿಸಿ. ಹಾಗೆಯೇ ಕೋಲಾರದವರ ಅಮಾನತು ಬೇಡ. ಜನರ ಕಿವಿಗೆ ಅದು ತಪ್ಪು ಮಾಡಿದವನಿಗೆ ಕೊಡುವ ಶಿಕ್ಷೆ. ಅಜ್ಜಿ ಗಾಬರಿಯಾಗುತ್ತಾರೆ.

ಕೋಲಾರದಿಂದ:

ಅಮಾನತಿನ ಬಗ್ಗೆ ತುಮಕೂರಿನವರು ಹೇಳಿದ್ದು ಸರಿ. ಹಿಂತೆಗೆದುಕೊಂಡೆ. ಆದರೆ ರದ್ದು ಬಿಡಬೇಡಿ. ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಮನೆಯಲ್ಲಿ ತೆಲುಗು ಆಡುವವರೇ ಹೆಚ್ಚು. ತೆಲುಗಿನಲ್ಲೂ ರದ್ದು ರದ್ದೇ. ಗೌರಿಬಿದನೂರಿನವರ ‘ಅಳಿಸಲಾಗಿದೆ’ ನೋಡಿ: ಅಳಿ ಎಂದರೆ ಸಾವು, ನಾಶ. ಪಿಂಚಣಿ ರದ್ದಾಗುವುದಕ್ಕೆ ದೊಡ್ಡ ಕಾರಣವೇ ಪಡೆಯುತ್ತಿದ್ದವರ ಮರಣ. ಬದುಕಿರುವವರ ಹೆಸರನ್ನು ಸತ್ತವರ ಪಟ್ಟಿಗೆ ಸೇರಿಸಿದ ಸಂಗತಿ ನಮ್ಮ ಬೀದಿಯಲ್ಲೇ ಆಗಿದೆ. ಆ ತಾಯಿ ‘ನಾನು ಬದುಕಿದ್ದೀನಿ’ ಎಂದು ಬರೆದುಕೊಡಬೇಕಾಯಿತು. ಅಂಥವರು ನೋಡುವ ಗೋಡೆಯ ಮೇಲೆ ಅಳಿದದ್ದರ ಮಾತು ಬೇಡ.

ಇನ್ನೊಂದು. ಮಂಜೂರು ಎಂದರೆ ಮೂಲದಲ್ಲಿ ನೋಡಲ್ಪಟ್ಟದ್ದು. ನಮ್ಮ ‘ನಜರು’ ಇರುವ ಧಾತುವೇ. ಮಂಜೂರಾಯಿತೆಂದರೆ ದೊಡ್ಡವರ ಕಣ್ಣು ಬಿತ್ತು ಎಂದು. ಆ ಕಣ್ಣಿಗೆ ಬೀಳಲು ಊರವರು ಪಡುವ ಪಾಡು ಕಂಡಾಗಲೆಲ್ಲ ನನಗೆ ಈ ಪದ ನೆನಪಾಗುತ್ತದೆ.

ಚಿಂತಾಮಣಿಯಿಂದ:

ಹಿರಿಯರಿಗೆಲ್ಲ ಧನ್ಯವಾದ. ಇವತ್ತು ಒಂದು ಕೆಲಸ ಮಾಡಿದೆ. ಬೆಳಿಗ್ಗೆ ಬಂದ ಹನ್ನೊಂದು ಮಂದಿಗೆ ಒಂದೊಂದೇ ಪದ ಓದಿ, ‘ಈಗ ನೀವೇನು ಮಾಡ್ತೀರಿ?’ ಎಂದು ಕೇಳಿದೆ. ಅರ್ಥ ಕೇಳಲಿಲ್ಲ.

‘ಸ್ಥಗಿತಗೊಳಿಸಲಾಗಿದೆ’ ಎಂದಾಗ ಒಂಬತ್ತು ಮಂದಿ ಸುಮ್ಮನೆ ನನ್ನ ಮುಖ ನೋಡಿದರು. ‘ನಿಂತಿದೆ’ ಎಂದಾಗ, ‘ಅದು ಗೊತ್ತಲ್ಲಮ್ಮ, ನಿಂತೋಗೈತೆ ಅಂತಾನೆ ಬಂದಿರೋದು’ ಎಂದರು. ‘ತಡೆಯಾಗಿದೆ’ ಎಂದ ಕೂಡಲೇ ಒಬ್ಬ ಅಜ್ಜಿ, ‘ತಡೆ ಅಂದ್ರೆ ಒಡೆಸ್‌ಬೇಕು, ಎಲ್ಲಿಗೆ ಹೋಗ್ಬೇಕು ಹೇಳು’ ಅಂದರು. ಪಕ್ಕದವರೂ ಹೌದೆಂದರು. ಮನೆಯಲ್ಲಿ ಮದುವೆ ಕೂಡಿಬರದಿದ್ದರೆ, ವ್ಯಾಪಾರ ಹತ್ತದಿದ್ದರೆ ತಡೆ ಒಡೆಸುತ್ತಾರಲ್ಲ, ಆ ತಡೆ. ಅಡ್ಡ ಏನೋ ಇದೆ, ತೆಗೆದರೆ ಹೋಗುತ್ತದೆ ಎಂಬುದು ಆ ಪದದೊಳಗೇ ಅವರಿಗೆ ಕೇಳಿಸಿತು. ನನಗೆ ಬೇಕಾಗಿದ್ದೂ ಅದೇ.

ಕೋಲಾರದಿಂದ:

ಅಮ್ಮಾ, ನೀವು ಕೇಳಿಸಿಕೊಂಡು ಬಂದದ್ದು ನಮ್ಮ ನಾಲ್ಕು ದಿನದ ವಾದಕ್ಕಿಂತ ಬೆಲೆಯುಳ್ಳದ್ದು. ‘ನಿಂತಿದೆ’ ಏಕೆ ಸೋತಿತು ಎಂಬುದನ್ನೂ ನೋಡಿ. ನೀವು ಓದಿದ್ದು ನಿಂತಿದೆ. ಅವರು ತಿರುಗಿ ಹೇಳಿದ್ದು ನಿಂತೋಗೈತೆ. ಬಸ್ಸು ನಿಂತಿದೆ ಎಂದರೆ ಮತ್ತೆ ಹೊರಡುತ್ತದೆ. ಬಸ್ಸು ನಿಂತುಹೋಗಿದೆ ಎಂದರೆ ನಮ್ಮೂರಿಗೆ ಇನ್ನು ಆ ಬಸ್ಸಿಲ್ಲ. ‘ಹೋಗು’ ಸೇರಿದ ಕೂಡಲೇ ಆಸೆ ಮುಗಿಯಿತು. ತೆಲುಗಿನ ‘ನಿಲಿಚಿಪೋಯಿಂದಿ’ ಕೂಡ ಹಾಗೆಯೇ. ಕೆಲವು ತಿಂಗಳು ದುಡ್ಡು ಕಾಣದವರ ಬಾಯಲ್ಲಿ ‘ನಿಂತಿದೆ’ ತಾನಾಗಿ ‘ನಿಂತುಹೋಗಿದೆ’ ಆಗಿಬಿಡುತ್ತದೆ. ‘ತಡೆಹೋಗಿದೆ’ ಎಂದು ಯಾರೂ ಹೇಳುವುದಿಲ್ಲ. ತಡೆಗೆ ಆ ಬಾಲ ಅಂಟುವುದಿಲ್ಲ.

ತುಮಕೂರಿನಿಂದ:

ಮಾಟ ಮಂತ್ರದ ಪದವನ್ನು ಸರ್ಕಾರಿ ಫಲಕದಲ್ಲಿ ಬರೆಯುವುದು ಸರಿಯಲ್ಲ. ಬರೆಯಲೇಬೇಕಾದರೆ ‘ತಡೆಹಿಡಿಯಲಾಗಿದೆ’ ಎನ್ನಿ. ಕಡತದಲ್ಲೂ ಇರುವ ಪದ.

ಚಿಂತಾಮಣಿಯಿಂದ:

ಸರ್, ‘ತಡೆಹಿಡಿಯಲಾಗಿದೆ’ಯನ್ನೂ ಓದಿದ್ದೆ. ಒಬ್ಬರು ‘ಯಾರು ಹಿಡ್ಕೊಂಡವ್ರೆ?’ ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ, ಆದರೆ ನಾನು ಉತ್ತರಿಸಲಾರೆ. ಯಾರೂ ಬೇಕೆಂದೇ ಹಿಡಿದಿಟ್ಟಿಲ್ಲ. ಜೋಡಣೆ ತಪ್ಪಿದೆ, ಪರಿಶೀಲನೆಗೆ ಹೋದ ದಿನ ಅಜ್ಜಿ ಮಗಳ ಮನೆಯಲ್ಲಿದ್ದರು, ಇಂಥವು. ಹಿಡಿದವರನ್ನು ಹುಡುಕಲು ಹೊರಟರೆ ಅವರು ಗ್ರಾಮ ಆಡಳಿತಾಧಿಕಾರಿಯ ಜೊತೆ ಜಗಳಕ್ಕೆ ನಿಲ್ಲುತ್ತಾರೆ, ಬ್ಯಾಂಕಿಗೆ ಹೋಗುವುದಿಲ್ಲ.

ಇನ್ನೊಂದು ಕೇಳಬೇಕು. ‘ಅನರ್ಹ’ ಎಂಬುದನ್ನು ಏನು ಮಾಡಲಿ? 62 ವರ್ಷದ ಒಬ್ಬರಿಗೆ ಸಂಧ್ಯಾ ಸುರಕ್ಷಾಕ್ಕೆ ಅನರ್ಹರು ಎಂದು ಹೇಳಿ ಕಳಿಸಿದ್ದರು. ನಾನು ಯಾವುದಕ್ಕೂ ಲಾಯಕ್ಕಿಲ್ಲ ಅಂದ್ರು ಕಣಮ್ಮ ಎಂದು ಬೇಸರ ಮಾಡಿಕೊಂಡರು.

ತುಮಕೂರಿನಿಂದ:

ಅದನ್ನು ಒಪ್ಪುತ್ತೇನೆ. ಆ ಪದ ಯೋಜನೆಯ ಷರತ್ತಿನ ಬಗ್ಗೆ. ಮನುಷ್ಯನ ಬಗ್ಗೆ ಅಲ್ಲ. ಆದರೆ ಕನ್ನಡದಲ್ಲಿ ಅದು ಮನುಷ್ಯನ ಮೇಲೆಯೇ ಬೀಳುತ್ತದೆ. 2007ರಲ್ಲಿ ಶುರುವಾದ ಸಂಧ್ಯಾ ಸುರಕ್ಷಾಕ್ಕೆ 65 ತುಂಬಿರಬೇಕು. 62ರವರಿಗೆ ಬಿಪಿಎಲ್ ಕಾರ್ಡ್ ಇದ್ದರೆ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ ಇದೆ. ಅದಕ್ಕೂ ಮೊದಲು 65 ಇತ್ತು. 2011ರಲ್ಲಿ 60ಕ್ಕೆ ಇಳಿಸಿದರು. ಅವರನ್ನು ಅಲ್ಲಿಗೆ ಕಳಿಸಿ. ಫಲಕದಲ್ಲಿ ‘ವಯಸ್ಸು ತುಂಬಿಲ್ಲ’, ‘ಆದಾಯ ಮಿತಿಗಿಂತ ಹೆಚ್ಚಿದೆ’ ಎಂದು ಕಾರಣವನ್ನೇ ಬರೆಯಿರಿ. ಅನರ್ಹ ಬೇಡ. ಮೂರನೆಯದಕ್ಕೂ ‘ತಿರಸ್ಕರಿಸಲಾಗಿದೆ’ ಬಿಟ್ಟು ‘ಅರ್ಜಿ ಒಪ್ಪಿಲ್ಲ’ ಎನ್ನಿ. ಸಕಾಲ ಕಾಯ್ದೆಯಡಿ ಬರುವ ಸೇವೆಗೆ ಕಾರಣ ಕೇಳುವ ಹಕ್ಕಿದೆ, ಮೇಲ್ಮನವಿಯೂ ಇದೆ. ಅದನ್ನು ದಪ್ಪ ಅಕ್ಷರದಲ್ಲಿ ಬರೆಸಿ.

ಗೌರಿಬಿದನೂರಿನಿಂದ:

‘ಒಪ್ಪಿಲ್ಲ’, ‘ತಡೆ’, ‘ತುಂಬಿಲ್ಲ’. ನಾನು ಮೊದಲ ದಿನ ಹೇಳಿದ ದಾರಿಗೇ ಬಂದಿರಿ. ಸಂತೋಷ. ‘ಫಲಾನುಭವಿ’ ಇನ್ನೂ ಉಳಿದಿದೆ. ಹಿಂದೆ ಅದು ಮಾಡಿದ ಕರ್ಮದ ಫಲ ಉಣ್ಣುವವನು. ಒಂಟಿ ಹೆಂಗಸಿನ 800 ರೂಪಾಯಿಗೆ ಆ ಪದ ಯಾರಿಗೆ ಹೊಳೆಯಿತೋ. ‘ಪಡೆಯುವವರು’ ಎನ್ನಿ.

ಚಿಂತಾಮಣಿಯಿಂದ:

ಹಾಗೆಯೇ ಮಾಡುತ್ತೇನೆ. ‘ಪಿಂಚಣಿ’ ಮಾತ್ರ ಉಳಿಸಿಕೊಳ್ಳುತ್ತೇನೆ, ಕ್ಷಮಿಸಿ; ಅದನ್ನು ಕೇಳಿಕೊಂಡೇ ಜನ ಬಾಗಿಲಿಗೆ ಬರುತ್ತಾರೆ. ಈಗ ಒಕ್ಕಣೆ ಹೀಗಿದೆ:

ಪಿಂಚಣಿ ಪಡೆಯುವವರ ಗಮನಕ್ಕೆ
ತಡೆ ಆಗಿದೆ ಎಂದರೆ: ನಿಮ್ಮ ಪಿಂಚಣಿ ಹೋಗಿಲ್ಲ. ಹೊಸ ಅರ್ಜಿ ಹಾಕಬೇಡಿ. ಕಾರಣ ಕೇಳಿ, ಸರಿಮಾಡಿಸಿ.
ರದ್ದಾಗಿದೆ ಎಂದರೆ: ಆದೇಶದ ಪ್ರತಿ ಕೇಳಿ ಪಡೆಯಿರಿ. ತಪ್ಪಾಗಿ ರದ್ದಾಗಿದ್ದರೆ ಬರೆದುಕೊಡಿ.
ಅರ್ಜಿ ಒಪ್ಪಿಲ್ಲ ಎಂದರೆ: ಕಾರಣ ಕೇಳುವುದು ನಿಮ್ಮ ಹಕ್ಕು. ಮೇಲ್ಮನವಿ ಹಾಕಬಹುದು.

ಒಂದೇ ಅನುಮಾನ. ‘ತಡೆ ಆಗಿದೆ’ಯೋ ‘ತಡೆಯಾಗಿದೆ’ಯೋ? ಕೂಡಿಸಿ ಬರೆದರೆ ಕೆಲವರು ತಡವಾಗಿದೆ ಎಂದು ಓದುತ್ತಾರೆ. ಹಾಗೆ ಓದಿದರೆ ಕಾದರೆ ಬರುತ್ತದೆಂದು ಮನೆಯಲ್ಲೇ ಕೂರುತ್ತಾರೆ.

ಕೋಲಾರದಿಂದ:

ಬಿಡಿಸಿ ಬರೆಸಿ. ‘ತಡೆ’ ದೊಡ್ಡ ಅಕ್ಷರದಲ್ಲಿರಲಿ.

ತುಮಕೂರಿನಿಂದ:

ಬಿಡಿಸಿಯೇ ಬರೆಸಿ. ಬೋರ್ಡು ಬರೆಯುವವರು ಏತ್ವ ಸರಿಯಾಗಿ ಎಳೆದಿದ್ದಾರೆಯೇ ಎಂದು ಎದುರಿಗೆ ನಿಂತು ನೋಡಿ. ಅದು ತಪ್ಪಿದರೆ ಮತ್ತೆ ‘ತಡ’ವೇ ಆಗುತ್ತದೆ.